ಬೆಳ್ಳಮ್ಮನ ಮುಖ ಕಪ್ಪಾದ ವರ್ಷ

ಕಮ್ಮರಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ನಾನು. ಊರಿಗೆಲ್ಲ ಗಿರಣಿ ಪ್ರೇಮಕ್ಕ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ. ಸಿಟ್ಟು ಮಾತ್ರ ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ಗಿರಣಿಯನ್ನು ದೂರುವ ಹಾಗಿಲ್ಲ. ಸಣ್ಣಕ್ಕನ ವಿಷಯ ಹೇಳುವಾಗ ಆ ಸಿಟ್ಟು ಬರುತ್ತದೆ, ಬರಲಿ.

ಸಣ್ಣಕ್ಕನ ಊರೇ ನನ್ನ ತವರು. ಕಮ್ಮರಡಿಯಿಂದ ಗದ್ದೆಬದಿಯ ದಾರಿ ಹಿಡಿದು ನಡೆದರೆ ಸಿಗುವ ಸಣ್ಣ ಹಳ್ಳಿ. ಅವಳೂ ಅವಳ ಗಂಡ ಸುಬ್ಬಪ್ಪನೂ ಜಯದೇವಪ್ಪನವರ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದರು. ಹಗಲೆಲ್ಲ ಸೊಪ್ಪು ಹೊರುವುದು, ಕಳೆ ಕೀಳುವುದು, ಕೊಟ್ಟಿಗೆಯ ಸೆಗಣಿ ಬಾಚುವುದು. ಸಂಜೆಯಾದರೆ ಅವಳು ಬೇರೆಯೇ ಹೆಂಗಸು. ಮಿಂದು, ಒಗೆದ ಸೀರೆ ಉಟ್ಟು, ಬೆಳ್ಳಮ್ಮನ ಗುಡಿಯ ಬಾಗಿಲು ತೆಗೆದು ದೀಪ ಹಚ್ಚುತ್ತಿದ್ದವಳು ಅವಳೇ. ಮೊದಲು ಅವಳ ಅತ್ತೆ ಹಚ್ಚುತ್ತಿದ್ದರು, ಅದಕ್ಕೂ ಮೊದಲು ಅತ್ತೆಯ ಅತ್ತೆ. ಆ ಹೊತ್ತಿನಲ್ಲಿ ಜಯದೇವಪ್ಪನವರ ಹೆಂಡತಿ ತುಂಗಮ್ಮನವರೂ ಅವಳ ಹಿಂದೆ ಕೈಮುಗಿದು ನಿಲ್ಲಬೇಕು. ಹಗಲಲ್ಲಿ “ಏ ಸಣ್ಣೀ” ಎಂದು ಕೂಗುವ ಬಾಯಿ ಸಂಜೆ “ಸಣ್ಣಕ್ಕ, ಆರತಿ ಕೊಡು” ಎನ್ನುತ್ತಿತ್ತು. ಆ ದೀಪ ಒಂದು ಬಿಟ್ಟರೆ ಅವಳದು ಅಂತ ಈ ಭೂಮಿಯ ಮೇಲೆ ಬೇರೆ ಏನೂ ಇರಲಿಲ್ಲ.

ಬೆಳ್ಳಮ್ಮ ಕಲ್ಲಿನ ದೇವರಲ್ಲ. ಹಲಸಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಅಮ್ಮ. ಯಾರು ಬರೆದರೋ, ಯಾವ ಕಾಲದಲ್ಲಿ ಬರೆದರೋ, ಹೇಳುವವರಿಲ್ಲ. ಕೆಮ್ಮಣ್ಣಿನ ಸೀರೆ, ಕಾಡಿಗೆಯ ಜಡೆ, ಮುಖ ಮಾತ್ರ ಅಚ್ಚ ಬಿಳಿ. ಅಂಥ ಬಿಳಿಯನ್ನು ನಾನು ಹೊಸದಾಗಿ ಸುಣ್ಣ ಬಳಿದ ಗೋಡೆಯಲ್ಲೂ ನೋಡಿಲ್ಲ. ಅದಕ್ಕೇ ಬೆಳ್ಳಮ್ಮ ಎಂಬ ಹೆಸರು. ಅವಳದು ಒಂದೇ ಒಂದು ನೇಮ: ಮೈಗೆ ನೀರು ಮುಟ್ಟಿಸಬಾರದು. ಅಭಿಷೇಕ ಮಾಡುವುದಾದರೂ, ಹೂ ಪ್ರಸಾದ ಕೇಳುವುದಾದರೂ ಹಲಗೆಯ ಮುಂದಿದ್ದ ಕಲ್ಲಿಗೆ. ಯಾಕೆ ಎಂದು ಕೇಳಿದರೆ ಸಣ್ಣಕ್ಕನ ಅತ್ತೆ, “ಅಮ್ಮಂಗೆ ಶೀತ ಆಗ್ತದೆ ಮಾರಾಯ್ತಿ” ಎಂದು ನಗುತ್ತಿದ್ದರು. ಸಣ್ಣಕ್ಕ ಹೂವಿನ ಮೇಲಿನ ಹನಿಯನ್ನೂ ಸೆರಗಿನಲ್ಲಿ ಒರೆಸಿಯೇ ಅಮ್ಮನಿಗೆ ಏರಿಸುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಜಯದೇವಪ್ಪನವರು ಗೋಬರ್ ಗ್ಯಾಸ್ ಹಾಕಿಸಿದರು. ಸೆಗಣಿಯ ಗುಂಡಿ ಗುಡಿಯ ಹಿಂದುಗಡೆಗೇ ಬಂತು. ಮನೆಯ ಒಲೆಗೆ ಗ್ಯಾಸು ಬಂದ ಖುಷಿಯಲ್ಲಿ ಅವರು ಗುಡಿಗೂ ಒಂದು ಪೈಪು ಎಳೆಸಿ ಗ್ಯಾಸ್ ಲೈಟು ತೂಗಿಸಿದರು. “ನಮಗೆ ಬೆಳಕು, ಅಮ್ಮಂಗೆ ಕತ್ತಲೆಯಾ?” ಎಂದರು. ಮನುಷ್ಯ ಕೆಟ್ಟವರಲ್ಲ, ಭಕ್ತಿಯಿಂದಲೇ ಮಾಡಿದ್ದು. ಲೈಟು ಬುಸ್ ಎಂದು ಉರಿಯುತ್ತಿತ್ತು. ಅಮ್ಮನ ಮುಖ ಝಗಝಗ ಎನ್ನುತ್ತಿತ್ತು. ಆದರೆ ಅದರ ವಾಲ್ವು ಸರಿಯಾಗಿ ಕೂರುತ್ತಿರಲಿಲ್ಲ, ಆರಿಸಿದ ಮೇಲೂ ಗುಡಿಯೊಳಗೆ ಕೊಳೆತ ಮೊಟ್ಟೆಯ ನಾತ. “ಎರಡು ಊದುಬತ್ತಿ ಜಾಸ್ತಿ ಹಚ್ಚು” ಎಂದರು ತುಂಗಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ಮಾರನೇ ವರ್ಷ ಮಳೆ ಹಿಡಿದ ಮೇಲೆ ಒಂದು ಶುಕ್ರವಾರ ನಾನು ಗುಡಿಗೆ ಹೋಗಿದ್ದೆ. ಅಮ್ಮನ ಗಲ್ಲದ ಕೆಳಗೆ ಏನೋ ನೆರಳು. ದೀಪದ ನೆರಳಿರಬೇಕು ಅಂದುಕೊಂಡು ಪಕ್ಕಕ್ಕೆ ಸರಿದು ನೋಡಿದೆ. ನೆರಳು ಸರಿಯಲಿಲ್ಲ. ಸಣ್ಣಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಿಂಗೂ ಕಾಣ್ತದಾ ಪ್ರೇಮಕ್ಕ?” ಎಂದಳು.

“ಹೊಗೆ ಹಿಡಿದಿರ್ಬೇಕು ಬಿಡು.”

“ಹೊಗೆ ಆದ್ರೆ ಸೀರೆಗೂ ಹಿಡೀಬೇಕಿತ್ತು. ಮುಖಕ್ಕೆ ಮಾತ್ರ ಯಾಕೆ?”

ನವರಾತ್ರಿಯ ಹೊತ್ತಿಗೆ ಕಪ್ಪು ಕೆನ್ನೆಗೆ ಏರಿತು. ಆ ಮೇಲೆ ಹಣೆಗೆ. ಸೀರೆ ಹಾಗೇ ಕೆಂಪಗಿದೆ, ಬಳೆಗಳು ಹಾಗೇ ಇವೆ, ಮುಖ ಮಾತ್ರ ಒಳಗಿನಿಂದ ಸುಟ್ಟುಕೊಂಡು ಬಂದ ಹಾಗೆ. ಬಿಳಿಯ ಮೇಲೆ ಬರೆದ ಕಪ್ಪು ಕಣ್ಣುಗಳು ಕಪ್ಪಿನಲ್ಲೇ ಮುಳುಗಿ, ಅಮ್ಮ ಎಲ್ಲಿ ನೋಡುತ್ತಿದ್ದಾಳೆ ಎಂಬುದೇ ತಿಳಿಯದಂತಾಯಿತು. ಹಿಂದೆಲ್ಲ ಮಕ್ಕಳನ್ನು ಎತ್ತಿಕೊಂಡು ಗುಡಿಗೆ ಬರುತ್ತಿದ್ದ ಹೆಂಗಸರು ಈಗ ಮಕ್ಕಳ ಕಣ್ಣಿಗೆ ಸೆರಗು ಅಡ್ಡ ಹಿಡಿದು ಬರತೊಡಗಿದರು. ನನಗೂ ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ವರ್ಷ ಚಿಕುನ್‌ಗುನ್ಯ ಬಂತು. ನಮ್ಮ ಕಡೆ ಗಂಟುನೋವು ಹಿಡಿಯದ ಮನೆಯೇ ಇರಲಿಲ್ಲ. ಅದೇ ಹೊತ್ತಿಗೆ ಜಯದೇವಪ್ಪನವರ ಸೊಸೆ ಅರ್ಪಿತಾಳಿಗೆ ತಿಂಗಳು ತುಂಬಿದ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ತುಂಗಮ್ಮನವರ ಅಳು ಕೇಳಿದವರ ಕರುಳು ಕಿತ್ತು ಬರುತ್ತಿತ್ತು. ಆ ದುಃಖ ದೊಡ್ಡದು, ನಾನು ಅಲ್ಲಗಳೆಯುವವಳಲ್ಲ. ಆದರೆ ದುಃಖ ಒಂದು ಕಡೆ ಸುಮ್ಮನೆ ಕೂರುವುದಿಲ್ಲ ನೋಡಿ, ಅದಕ್ಕೆ ಯಾರಾದರೊಬ್ಬರು ಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೊದಲು ಮಾತು ಎದ್ದದ್ದು ನನ್ನ ಗಿರಣಿಯಲ್ಲೇ. ಯಾರೋ ಒಬ್ಬಳು ಅಕ್ಕಿಯ ಡಬ್ಬ ಕೆಳಗಿಡುತ್ತಾ, “ದೀಪ ಹಚ್ಚೋರು ಶುದ್ಧ ಇದ್ರೆ ಅಮ್ಮನ ಮುಖ ಯಾಕೆ ಕಪ್ಪಾಗ್ತಿತ್ತು?” ಎಂದಳು. ಇನ್ನೊಬ್ಬಳು, “ಈ ವಯಸ್ಸಲ್ಲಿ ಹೆಂಗಸರಿಗೆ ಲೆಕ್ಕ ತಪ್ತದೆ. ಹೊರಗಾಗಿದ್ದು ಗೊತ್ತಾಗದೆ ಒಳಗೆ ಹೋಗಿರ್ತಾಳೆ” ಎಂದಳು. ಸಣ್ಣಕ್ಕನಿಗೆ ಆಗ ನಲವತ್ತೈದು ದಾಟಿತ್ತು. ನಾನು ಬೆಲ್ಟು ನಿಲ್ಲಿಸಿ, “ಹಿಟ್ಟು ಬೇಕಾದ್ರೆ ಬಾಯಿ ಮುಚ್ಚಿ ನಿಲ್ಲಿ, ಇಲ್ಲಾಂದ್ರೆ ಕೊಪ್ಪಕ್ಕೆ ಹೋಗಿ ಬೀಸಿಸ್ಕೊಳ್ಳಿ” ಎಂದೆ. ಅವರು ಬಾಯಿ ಮುಚ್ಚಿದ್ದು ಹಿಟ್ಟು ಸಿಗುವ ತನಕ. ಊರ ಬಾಯಿಗೆ ಮುಚ್ಚಳ ಮಾಡುವವರು ಇನ್ನೂ ಹುಟ್ಟಿಲ್ಲ.

ಆ ಮಳೆಗಾಲ ಕಳೆದ ಮೇಲೆ ನನ್ನ ತಂಗಿಯ ಮಗಳು ಶಾಲಿನಿ ಮೈಸೂರಿನಿಂದ ಬಂದಳು. ಹಳೆಯ ಚಿತ್ರಗಳನ್ನು ಕೆಡದಂತೆ ಕಾಪಾಡುವ ಕೆಲಸ ಕಲಿಯುತ್ತಿದ್ದ ಹುಡುಗಿ. ನಾನೇ ಅವಳನ್ನು ಎಳೆದುಕೊಂಡು ಗುಡಿಗೆ ಹೋದೆ. ಅವಳು ಭೂತಕನ್ನಡಿ ಹಿಡಿದು, ಉಸಿರು ತಾಗಬಾರದೆಂದು ಬಾಯಿಗೆ ಕರ್ಚೀಫು ಒತ್ತಿಕೊಂಡು, ಅಮ್ಮನನ್ನು ಬಹಳ ಹೊತ್ತು ನೋಡಿದಳು. ಆ ಮೇಲೆ ಮೂಗು ಅರಳಿಸಿ ಗುಡಿಯನ್ನೆಲ್ಲ ಮೂಸಿದಳು.

“ದೊಡ್ಡಮ್ಮಾ, ಈ ಬಿಳಿ ಸೀಸದಿಂದ ಮಾಡಿದ್ದು,” ಎಂದಳು. “ಹಿಂದಿನವರು ಸಫೇದ ಅಂತಿದ್ರು. ಸೆಗಣಿ ಗ್ಯಾಸಿನಲ್ಲಿ ಗಂಧಕದ ಅಂಶ ಇರ್ತದೆ, ಈ ನಾತ ಅದರದ್ದೇ. ಅದು ಸೀಸಕ್ಕೆ ತಾಗಿ ತಾಗಿ ಬಿಳಿ ಕಪ್ಪಾಗ್ತದೆ. ಸೀರೆ ಕೆಮ್ಮಣ್ಣಿನದ್ದು, ಅದಕ್ಕೆ ಏನೂ ಆಗಲ್ಲ. ಅದಕ್ಕೇ ಮುಖ ಮಾತ್ರ ಹೀಗಾಗಿದೆ.”

ಸಣ್ಣಕ್ಕ ಬಾಗಿಲ ದಾರಂದ ಹಿಡಿದುಕೊಂಡಿದ್ದಳು. “ಹಂಗಾರೆ ನನ್ನಿಂದ ಅಲ್ವಾ ಅವ್ವಾ?” ಎಂದಳು.

“ಅಯ್ಯೋ, ನಿಮ್ಮಿಂದ ಯಾಕೆ? ಗ್ಯಾಸಿನಿಂದ.”

ಸಣ್ಣಕ್ಕ ಅಲ್ಲೇ ಕುಸಿದು ಕೂತು ಅತ್ತಳು. ಶಾಲಿನಿಗೂ ಕಣ್ಣು ತುಂಬಿತು. ಕಪ್ಪನ್ನು ಮತ್ತೆ ಬಿಳಿ ಮಾಡುವ ಔಷಧಿ ಇದೆ ಎಂದಳು. ಆದರೆ ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಆಗಬೇಕು. “ಬಣ್ಣವನ್ನ ಹಲಗೆಗೆ ಹಿಡಿದಿಟ್ಟದ್ದು ಯಾವುದೋ ಮರದ ಅಂಟು. ಆ ಅಂಟು ಸತ್ತುಹೋಗಿದೆ. ಈಗ ಬಣ್ಣ ಹಲಗೆ ಮೇಲೆ ಸುಮ್ನೆ ಕೂತಿದೆ, ಅಷ್ಟೇ. ಒದ್ದೆ ಬೆರಳು ತಾಗಿದ್ರೂ ಬೆರಳಿಗೇ ಬರ್ತದೆ. ನಾನು ಸಾಮಾನು ತಗೊಂಡು ನಮ್ಮ ಮೇಡಂ ಜೊತೆ ಬರ್ತೇನೆ. ಅಲ್ಲೀ ತನಕ ಗ್ಯಾಸು ಬಂದ್ ಮಾಡಿ. ಒದ್ದೆ ಬಟ್ಟೆ, ಒದ್ದೆ ಹೂ, ಒಂದು ಹನಿ ನೀರೂ ಬೇಡ.”

“ನಮ್ಮತ್ತೇನೂ ಅದೇ ಹೇಳಿದ್ದು,” ಎಂದಳು ಸಣ್ಣಕ್ಕ.

ನಾವು ಮೂವರೂ ಜಯದೇವಪ್ಪನವರ ಜಗಲಿಗೆ ಹೋದೆವು. ಶಾಲಿನಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು.

“ಗ್ಯಾಸಿನಿಂದ ಮುಖ ಕಪ್ಪಾಗೋದಾದ್ರೆ ಅದೇ ಒಲೆ ಮುಂದೆ ನಿಲ್ಲೋ ನಮ್ಮನೆ ಹೆಂಗಸರ ಮುಖ ಯಾಕೆ ಕಪ್ಪಾಗ್ಲಿಲ್ಲ?” ಎಂದರು.

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಶಾಲಿನಿ ಸೀಸ, ಗಂಧಕ ಎಂದು ಮತ್ತೆ ಶುರುಮಾಡಿದಳು. ಅವರು ಕೈಯೆತ್ತಿ ತಡೆದರು. ಮುಖದಲ್ಲಿದ್ದ ನಗು ಹೋಗಿತ್ತು. “ಅಲ್ಲ ಕೂಸೇ, ನಾನು ಅಮ್ಮಂಗೆ ಕೊಟ್ಟ ಬೆಳಕು ಅಮ್ಮಂಗೇ ವಿಷ ಆಯ್ತು ಅಂತೀಯಾ? ಅಂದ್ರೆ ನಮ್ಮನೆ ಕೂಸು ಹೋಗಿದ್ದು ನನ್ನಿಂದ ಅಂತೀಯಾ?”

ಅವಳು ಅದನ್ನು ಹೇಳಿರಲಿಲ್ಲ. ಅಮ್ಮನ ಮುಖಕ್ಕೂ ಕೂಸಿಗೂ ಅವರ ತಲೆಯಲ್ಲೇ ಗಂಟು ಬಿದ್ದಿತ್ತು. ಆ ಗಂಟು ಇರುವ ತನಕ ತಪ್ಪು ಒಂದೋ ಅವರದ್ದು, ಇಲ್ಲ ಸಣ್ಣಕ್ಕನದ್ದು. ಯಾರದ್ದೆಂದು ಅವರು ತೀರ್ಮಾನ ಮಾಡಿಯಾಗಿದೆ ಎಂಬುದು ಆವತ್ತು ನನಗೆ ಗೊತ್ತಾಯಿತು. ಗ್ಯಾಸು ಬಂದ್ ಆಗಲಿಲ್ಲ. ಶಾಲಿನಿ ಬೇಗ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದಳು.

ಅವಳು ಬರುವುದಕ್ಕೆ ಮುಂಚೆಯೇ ಹೂ ಪ್ರಸಾದ ಕೇಳುವುದೆಂದು ಊರಲ್ಲಿ ನಿಶ್ಚಯವಾಯಿತು. ನಮ್ಮ ಕಡೆ ಏನೇ ಸಂಶಯ ಬಂದರೂ ಹೀಗೆ ಕೇಳುವುದುಂಟು. ಕೇಪಳದ ಹೂವನ್ನು ನೀರಲ್ಲಿ ಅದ್ದಿ ದೇವರ ಎಡಕ್ಕೊಂದು ಬಲಕ್ಕೊಂದು ಹಚ್ಚುವುದು. ಬಲದ್ದು ಮೊದಲು ಬಿದ್ದರೆ ತಪ್ಪಿಲ್ಲ, ಎಡದ್ದು ಬಿದ್ದರೆ ತಪ್ಪಿದೆ. ಶುಕ್ರವಾರ ಬೆಳಿಗ್ಗೆ ಊರೆಲ್ಲ ಸೇರಿತ್ತು. ನಾನೂ ಗಿರಣಿಗೆ ಬೀಗ ಹಾಕಿ ಹೋಗಿದ್ದೆ. ಸಣ್ಣಕ್ಕ ಧೈರ್ಯವಾಗಿಯೇ ಇದ್ದಳು. “ಕೇಳ್ಲಿ ಪ್ರೇಮಕ್ಕ. ಅಮ್ಮಂಗೆ ನಾನು ಗೊತ್ತು” ಎಂದಳು. ಸುಬ್ಬಪ್ಪ ಅವಳ ಪಕ್ಕ ನಿಂತಿದ್ದ.

ಊರ ಹಿರಿಯರೊಬ್ಬರು ಹೂವಿನ ತಟ್ಟೆಯನ್ನು ಕಲ್ಲಿನ ಹತ್ತಿರ ತಂದರು. ಆಗ ಜಯದೇವಪ್ಪನವರು, “ಕಲ್ಲಿಗೆ ಬೇಡ. ಕಪ್ಪಾಗಿದ್ದು ಅಮ್ಮನ ಮುಖ. ಅಮ್ಮನ ಕೆನ್ನೆಗೇ ಹಚ್ಚಿ ಕೇಳುವ” ಎಂದರು.

ಹೂ ಹಿಡಿದ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಣ್ಣಕ್ಕನ ಮುಖ ಬಿಳಿಚಿಕೊಂಡಿತು.

“ಬೇಡ ಅಯ್ಯಾ,” ಎಂದಳು. “ಅಮ್ಮನ ಮೈಗೆ ನೀರು ಮುಟ್ಟಿಸ್ಬಾರ್ದು. ಕಲ್ಲಿಗೇ ಹಚ್ಚಿ. ಎಡದ್ದು ಬಿದ್ರೂ ನಾನು ಒಪ್ಕತ್ತೀನಿ.”

“ನೋಡಿದ್ರಾ, ಹೆದರ್ತಾಳೆ!” ಎಂದಿತು ಗುಂಪಿನಿಂದ ಒಂದು ದನಿ. “ಶುದ್ಧ ಇದ್ದವಳಿಗೆ ಅಮ್ಮನ ಕೆನ್ನೆಯಾದ್ರೆ ಎಂತ, ಕಲ್ಲಾದ್ರೆ ಎಂತ?”

ನಾನು ಕೂಗಿದೆ. ಶಾಲಿನಿ ಹೇಳಿದ್ದನ್ನೆಲ್ಲ ಕೂಗಿದೆ, ಅಂಟು ಸತ್ತಿದೆ ಕಣ್ರೋ ಎಂದೆ. “ಗಿರಣಿ ಹತ್ರ ನಿನ್ನ ದರ್ಬಾರು ಇಟ್ಕೋ ಪ್ರೇಮಾ” ಎಂದು ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಹೂ ಹಿಡಿದ ಕೈ ಅಮ್ಮನ ಕೆನ್ನೆಯ ಹತ್ತಿರ ಹೋಯಿತು.

“ನಿಲ್ಸಿ!” ಎಂದಳು ಸಣ್ಣಕ್ಕ. “ಕೇಳೋದೆಂತಕೆ? ಹೌದು. ಹೊರಗಾದಾಗ ಒಳಗೆ ಹೋಗಿದ್ದೆ. ನಂದೇ ತಪ್ಪು. ಹೂ ತೆಗೀರಿ.”

ಹೂ ಹಿಡಿದ ಕೈ ಹಿಂದೆ ಬಂತು. ತುಂಗಮ್ಮನವರು, “ನನ್ನ ಸೊಸೆ ಮಡಿಲು ಬರಿದು ಮಾಡ್ದೆಯಲ್ಲೇ ಸಣ್ಣೀ!” ಎಂದು ಎದೆ ಬಡಿದುಕೊಂಡರು. ಸಣ್ಣಕ್ಕ ಸೊಂಟದಿಂದ ಗುಡಿಯ ಬೀಗದಕೈ ಬಿಚ್ಚಿ ಹೊಸಿಲ ಮೇಲಿಟ್ಟು ನಡೆದಳು. ನಾನು ಹಿಂದೆಯೇ ಓಡಿದೆ.

“ಹುಚ್ಚು ಹಿಡೀತೇನೇ ನಿಂಗೆ? ಮಾಡದ ತಪ್ಪು ಯಾಕೆ ಒಪ್ಕೊಂಡೆ?”

“ಹೂ ಹಚ್ಚಿದ್ರೆ ಕೆನ್ನೆ ಕಿತ್ತು ಬರ್ತಿತ್ತು ಪ್ರೇಮಕ್ಕ. ಆ ಕೂಸು ಬಂದು ಬಿಳಿ ಮಾಡ್ತೇನೆ ಅಂದಿದೆಯಲ್ಲ. ಅಲ್ಲೀತಂಕ ಅಮ್ಮ ಉಳೀಲಿ. ನಾನು ಹೋದ್ರೆ ಹೋದೆ.”

ನನಗೆ ಅವಳನ್ನು ಬೈಯಬೇಕೋ ಅವಳ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಮನೆಗೆ ಬಂದವಳೇ ಶಾಲಿನಿಗೆ ಫೋನು ಮಾಡಿ, ಇದ್ದದ್ದನ್ನೆಲ್ಲ ಬಿಟ್ಟು ಬಾ ಎಂದೆ. ಮೇಡಂ ಪರವೂರಿಗೆ ಹೋಗಿದ್ದಾರೆ, ಬಂದ ಕೂಡಲೇ ಹೊರಡುತ್ತೇವೆ ಎಂದಳು.

ಸಣ್ಣಕ್ಕನೂ ನಾನೂ ಒಂದು ಯೋಚನೆ ಮಾಡಿರಲಿಲ್ಲ. ನಮ್ಮ ಊರಲ್ಲೇ ಹುಟ್ಟಿ ಬೆಳೆದ ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಹೊರಗಾದವಳು ಒಳಗೆ ಹೋದದ್ದು ಹೌದು ಎಂದಾದ ಮೇಲೆ ಗುಡಿಗೆ ಶುದ್ಧ ಆಗಬೇಡವೇ? ಶುದ್ಧ ಎಂದರೆ ನೀರಲ್ಲದೆ ಇನ್ನೇನು?

ಮುಂದಿನ ಶುಕ್ರವಾರವೇ ಕಲಶ ಇಟ್ಟರು. ನನಗೆ ಸುದ್ದಿ ತಿಳಿದು ಓಡುವಾಗ ಮಂತ್ರ ಮುಗಿಯುತ್ತಾ ಬಂದಿತ್ತು. ಗುಡಿಗೆ ಕಾಲಿಡುವ ಹಾಗಿಲ್ಲದ ಸಣ್ಣಕ್ಕ ದೂರದಲ್ಲಿ, ಬೇಲಿ ದಾಟುವ ದಣಪೆಯ ಆಚೆ ನಿಂತಿದ್ದಳು. ಬಂದಿದ್ದ ಭಟ್ಟರು ಹೊರಗಿನವರು, ಅವರಿಗೆ ಈ ಅಮ್ಮನ ನೇಮ ತಿಳಿಯದು. ತಿಳಿದವರು ಹೇಳಲಿಲ್ಲ. ಅಮ್ಮ ಈಗ ಮೈಲಿಗೆಯಾದವಳು, ಮೈಲಿಗೆಯಾದವಳಿಗೆ ಶೀತದ ನೆಪ ಹೇಳುವವರು ಯಾರು! “ನೀರು ಹಾಕ್ಬೇಡ್ರೋ!” ಎಂದು ನಾನು ಅರಚುವುದಕ್ಕೂ ತುಂಬಿದ ಕಲಶ ಅಮ್ಮನ ತಲೆಯ ಮೇಲೆ ಬೋರಲಾಗುವುದಕ್ಕೂ ಸರಿಹೋಯಿತು.

ಮೊದಲು ಕಪ್ಪು ಇಳಿಯಿತು. ಅದರ ಹಿಂದೆ ಬಿಳಿ. ಕಪ್ಪಿನ ಅಡಿಯಲ್ಲಿ ಅಷ್ಟೊಂದು ಬಿಳಿ ಇನ್ನೂ ಉಳಿದಿತ್ತು! ಆ ಮೇಲೆ ಸೀರೆಯ ಕೆಂಪು. ಎಲ್ಲ ಸೇರಿ ಕದಡಿಕೊಂಡು ಹೊಸಿಲು ದಾಟಿ ಅಂಗಳಕ್ಕೆ ಬಂತು. ಹಲಗೆಯ ಮೇಲೆ ಮುಖ ಇದ್ದ ಜಾಗದಲ್ಲಿ ಹಲಸಿನ ಮರದ ಗಂಟು ಕಾಣುತ್ತಿತ್ತು. ಆಮೇಲೆ ತುಂಗಮ್ಮನವರು, “ಅಮ್ಮ ಕರಗಿದ್ಲು! ತೀರ್ಥ ಆಗಿ ಬಂದ್ಲು!” ಎಂದು ಕೂಗಿ ಅಂಗಳಕ್ಕೆ ಬಿದ್ದರು. ಜನ ಮುಗಿಬಿದ್ದು ಆ ನೀರನ್ನು ಕಣ್ಣಿಗೆ ಒತ್ತಿಕೊಂಡರು. ತುಂಗಮ್ಮನವರು ಒಂದು ಲೋಟದಲ್ಲಿ ಹಿಡಿದು ಸೊಸೆಯ ಬಾಯಿಗೆ ತಂದರು. ಸೀಸ! ನಾನು ನುಗ್ಗಿ ಆ ಲೋಟವನ್ನು ಕೈಯಿಂದ ಹೊಡೆದು ಬೀಳಿಸಿದೆ. “ಅದು ವಿಷ ಕಣೇ ಅರ್ಪಿತಾ!” ಎಂದೆ. ಅಮ್ಮನ ತೀರ್ಥವನ್ನು ವಿಷ ಎಂದವಳು ಎಂದು ಆ ಮನೆಯವರು ಅಲ್ಲಿಂದೀಚೆಗೆ ನನ್ನ ಗಿರಣಿಗೆ ಅಕ್ಕಿ ಕಳಿಸುವುದಿಲ್ಲ. ಕಳಿಸದಿದ್ದರೆ ಬೇಡ, ಹೋಗಲಿ.

ತಿರುಗಿ ನೋಡಿದಾಗ ದಣಪೆಯ ಹತ್ತಿರ ಸಣ್ಣಕ್ಕ ನೆಲಕ್ಕೆ ಕೂತಿದ್ದಳು. ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ.

“ಹೂ ಹಚ್ಚಿದ್ರೆ ಬರೀ ಕೆನ್ನೆ ಹೋಗ್ತಿತ್ತು,” ಎಂದಳು. “ನಾನು ಸುಳ್ಳು ಹೇಳಿ ಇಡೀ ಅಮ್ಮನ್ನೇ ಕಳ್ದೆ.”

ಆ ಮೇಲೆ ಶಾಲಿನಿಯೂ ಅವಳ ಮೇಡಮ್ಮೂ ಪೆಟ್ಟಿಗೆ ತುಂಬ ಸಾಮಾನು ಹೊತ್ತು ಬಂದರು. ಬರೀ ಹಲಗೆ ನೋಡಿ ಹೋದರು. ಆ ಹುಡುಗಿ ನನ್ನ ಮನೆಯ ಹಿತ್ತಿಲಲ್ಲಿ ನಿಂತು ಅತ್ತದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಊರಿನವರು ಕೊಪ್ಪದಿಂದ ಬೋರ್ಡು ಬರೆಯುವವನನ್ನು ಕರೆಸಿ ಅದೇ ಹಲಗೆಯ ಮೇಲೆ ಎನಾಮಲ್ ಪೇಂಟಿನಲ್ಲಿ ಹೊಸ ಅಮ್ಮನನ್ನು ಬರೆಸಿದರು. ಹಾಲಿನಂಥ ಬಿಳಿ ಮುಖ, ತುಟಿಯಲ್ಲಿ ನಗು. ದೀಪ ಹಚ್ಚುವ ಕೆಲಸಕ್ಕೆ ವೀರಮ್ಮ ಎಂಬವಳನ್ನು ಇಟ್ಟರು. ಗ್ಯಾಸ್ ಲೈಟು ಈಗಲೂ ಅಲ್ಲೇ ಬುಸ್ ಎನ್ನುತ್ತದೆ, ನಾತ ಈಗಲೂ ಇದೆ. ಅಂಗಡಿಯ ಪೇಂಟಿಗೆ ಗಂಧಕ ಏನೂ ಮಾಡುವುದಿಲ್ಲವಂತೆ, ಶಾಲಿನಿ ಹೇಳಿದ್ದಳು. ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು. ಅಮ್ಮನ ಮುಖದಲ್ಲಿ ಸಾಸಿವೆಯಷ್ಟೂ ಕಪ್ಪಿಲ್ಲ. ಅರ್ಪಿತಾಳಿಗೆ ಗಂಡು ಕೂಸು ಹುಟ್ಟಿತು, ಗುಂಡಗಿದೆ. “ನೋಡಿ, ಅವಳು ಹೋದ ಮೇಲೆ ಎಲ್ಲ ಸರಿಯಾಯ್ತು” ಎನ್ನುತ್ತಾರೆ ಜನ. ನಾನು ಯಾರ ಬಾಯಿಗೆ ಏನು ತುರುಕಲಿ? ಅವರ ಕಣ್ಣಿಗೆ ಕಾಣುವುದು ಹಾಗೆಯೇ ಇದೆ.

ಸಣ್ಣಕ್ಕ ಈಗ ಜಯದೇವಪ್ಪನವರ ಜಮೀನಿನ ಕೂಲಿಯನ್ನೂ ಬಿಟ್ಟು ಅಡ್ಡಗದ್ದೆಯ ಕಡೆ ಕೂಲಿಗೆ ಹೋಗುತ್ತಾಳೆ. ಈಗ ಹಗಲಲ್ಲೂ ಸಂಜೆಯಲ್ಲೂ ಅವಳು ಸಣ್ಣಿಯೇ. ಮೊನ್ನೆ ಅಕ್ಕಿ ಬೀಸಿಸಲು ಬಂದಿದ್ದಳು. ಬೇರೆ ಯಾರೂ ಇರಲಿಲ್ಲ. ಹಿಟ್ಟು ತುಂಬಿಸಿಕೊಂಡ ಮೇಲೂ ಹೋಗದೆ ನಿಂತಳು. ನಾನು ಗಿರಣಿ ನಿಲ್ಲಿಸಿದೆ.

“ಪ್ರೇಮಕ್ಕ, ನಿಂಗೆ ನೆನಪಿರ್ತದೆ ಅಲ್ದಾ?” ಎಂದಳು. “ಆ ವರ್ಷ ನಂಗೆ ಲೆಕ್ಕ ತಪ್ತಿತ್ತು. ನಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡೇ ಹೇಳಿದ್ದು. ಆದ್ರೆ ನಿಜವಾಗ್ಲೂ ಹೊರಗಾದಾಗ ಒಳಗೆ ಹೋಗಿದ್ನಾ ಏನೋ?”